ಗಾಳಿ ಕೇಳಿ ಹೊರಡುವ ದೋಣಿ

"ಇಲ್ಲಿ ಸುಮಲತಾ ಅಂದ್ರ ಯಾರು?"

ಬಾಗಿಲಲ್ಲಿ ನಿಂತವನ ದನಿಯಲ್ಲಿ ಸಿಟ್ಟಿತ್ತು. ಕಾರ್ಖಾನೆಯ ನೀಲಿ ಯೂನಿಫಾರ್ಮ್, ಧೂಳು ಹಿಡಿದ ಸೇಫ್ಟಿ ಶೂ, ನಿದ್ದೆಗೆಟ್ಟ ಕೆಂಪು ಕಣ್ಣು. ಶಿಫ್ಟ್ ಮುಗಿಸಿ ಸೀದಾ ಇಲ್ಲಿಗೇ ಬಂದಂತಿತ್ತು.

ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರದ ಆ ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಸುಮಲತಾ ಬಹಳ ಹೊತ್ತಿನಿಂದ ಫೋನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ವೀಸಾ ವಿಚಾರಿಸಲು ಹಚ್ಚಿದ ಕರೆ. ಆ ಕಡೆಯಿಂದ ಬರುತ್ತಿದ್ದದ್ದು ಬರೀ ಸಂಗೀತ.

"ನಾನೇ ರೀ. ಕುಂದ್ರಿ, ಒಂದು ನಿಮಿಷ."

"ಕೂಡ್ಲಿಕ್ಕೆ ಬಂದಿಲ್ಲ. ನಮ್ಮ ಅತ್ತಿ ಲಕ್ಷ್ಮೀಬಾಯಿ ಅವರದು ಒಂದು ಬುಕಿಂಗ್ ಮಾಡೀರಲ್ಲ, ಸ್ಕಾಟ್ಲೆಂಡಿನ ಹಾಯಿದೋಣಿ... ಅದನ್ನ ಕ್ಯಾನ್ಸಲ್ ಮಾಡ್ರಿ."

ಅಷ್ಟರಲ್ಲಿ ಫೋನು ತಾನಾಗಿಯೇ ಕಟ್ಟಾಯಿತು. ಇನ್ನು ಮತ್ತೆ ಮೊದಲಿನಿಂದ...

ಸುಮಲತಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

"ಬುಕಿಂಗ್ ಮಾಡ್ಸಿದವರು ಟೀಚರು. ಕ್ಯಾನ್ಸಲ್ ಮಾಡ್ಸೋರೂ ಅವರೇ ಆಗ್ಬೇಕು. ನೀವು ಯಾರ್ರಿ?"

"ಅಭಯ. ಅವರ ತಮ್ಮನ ಮಗ. ಅವರಿಗೆ ಎಪ್ಪತ್ತು ದಾಟ್ಯದ, ಗೊತ್ತದೇನು ನಿಮಗ?"

"ಗೊತ್ತೈತ್ರಿ. ಅವರ ಪಾಸ್‌ಪೋರ್ಟ್ ಮಾಡ್ಸಿದ್ದೇ ನಾನು."

"ಅವರಿಗೆ ಈಜು ಬರೂದಿಲ್ಲ. ಅದು ಗೊತ್ತದೇನು?"

"ದೋಣ್ಯಾಗ ಯಾರೂ ಈಜಂಗಿಲ್ರಿ. ಕುಂದ್ರತಾರ."

ಪಕ್ಕದ ಮೇಜಿನಲ್ಲಿದ್ದ ಮಾಲೀಕ ಜಡೆಪ್ಪ ನಗು ತಡೆಯಲಾರದೆ ಕೆಮ್ಮಿದ. ಅಭಯ ನಗಲಿಲ್ಲ. ಅವನ ಕೈ ಎದುರಿನ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

"ನಗೋ ಮಾತಲ್ಲ ಇದು," ಅಂದವನೇ ಹೊರಟುಹೋದ.

'ಎಂಥಾ ಮನುಷ್ಯ ಇವನು...' ಎಂದುಕೊಂಡಳು ಸುಮಲತಾ. ಮತ್ತೆ ಫೋನು ಕೈಗೆತ್ತಿಕೊಂಡಳು. ಮತ್ತೆ ಅದೇ ಸಂಗೀತ.

* * *

ಲಕ್ಷ್ಮೀಬಾಯಿ ಸಂಡೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ. ತಮ್ಮ ತೀರಿಹೋದ ಮೇಲೆ, ಮೊದಲೇ ತಾಯಿ ಇಲ್ಲದ ಅವನ ಮಗ ಅಭಯನನ್ನು ತಾವೇ ಸಾಕಿದ್ದರು. ಈಗ ಅವನು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್, ಹೊಸಪೇಟೆಯಲ್ಲಿ ರೂಮು ಮಾಡಿಕೊಂಡಿದ್ದ. ರವಿವಾರ ಬಂತೆಂದರೆ ಸಂಡೂರಿಗೆ, ಅತ್ತಿಯ ಮನೆಗೆ.

ಬಂಡ್ರಿಯಿಂದ ಬಸ್ಸಿಗೆ ಬಂದು ಅದೇ ಹೈಸ್ಕೂಲಿನಲ್ಲಿ ಓದಿದವಳು ಸುಮಲತಾ. ಅದಿರಿನ ಲಾರಿ ಓಡಿಸುವ ಮೈಲಾರಲಿಂಗಪ್ಪನ ಮಗಳು ಕಾಲೇಜು ಸೇರಿದ್ದೇ ಟೀಚರು ಅವಳಪ್ಪನ ಎದುರು ಕೂತು ಹಠ ಹಿಡಿದದ್ದರಿಂದ. ಈಗ ಅವಳಿಗೆ ಚಿತ್ತವಾಡ್ಗಿಯಲ್ಲೊಂದು ಬಾಡಿಗೆ ಮನೆ, ಜಡೆಪ್ಪನ ಆಫೀಸಿನಲ್ಲಿ ಕೆಲಸ. ಹಂಪಿ ನೋಡಲು ಬರುವವರಿಗೆ ರೂಮು, ಗಾಡಿ, ಗೈಡು ಗೊತ್ತುಮಾಡುವುದು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಟೀಚರು ಆಫೀಸಿಗೇ ಬಂದು ಕೂತಿದ್ದರು.

"ಸುಮಾ, ಸ್ಟಾಫಾ ಅಂತ ಒಂದು ದ್ವೀಪ. ನೆನಪದೇನು?"

"ಲಾವಾ ಆರಿ ಕಂಬ ಕಂಬ ಆಗೇತಿ ಅಂತ ಬೋರ್ಡ್ ಮ್ಯಾಲ ಚಿತ್ರ ಬರೀತಿದ್ರಿ."

"ವರ್ಷಾ ವರ್ಷಾ ಬರದೆ. ಒಂದು ಸಲನೂ ಕಣ್ಣಿಂದ ನೋಡ್ಲಿಲ್ಲ. ಈ ಬ್ಯಾಸಿಗಿಯೊಳಗ ನೋಡಬೇಕು. ಅದೂ ಹಾಯಿದೋಣಿಯೊಳಗ ಕೂತು."

"ಟೀಚರ್, ಅಲ್ಲಿಗೆ ಬಸ್ಸು, ದೊಡ್ಡ ಹಡಗು ಎಲ್ಲಾ ಇರ್ತಾವು..."

"ಬಸ್ಸಿನ್ಯಾಗ ಆದ್ರ ನಾ ನಿನ್ನ ಹತ್ರ ಯಾಕ ಬರ್ತಿದ್ದೆ?"

ಟೀಚರ ಮಾತಿಗೆ ಇಲ್ಲ ಅನ್ನುವ ಧೈರ್ಯ ಸುಮಲತಾಗೆ ಅಂದೂ ಇರಲಿಲ್ಲ, ಇಂದೂ ಇರಲಿಲ್ಲ.

ಹುಡುಕಿ ಹುಡುಕಿ ಕೊನೆಗೊಂದು ದೋಣಿ ಸಿಕ್ಕಿತು. ಮೊದಲು ಮೀನು ಹಿಡಿಯುತ್ತಿದ್ದ ಹಳೆಯ ಮರದ ದೋಣಿಗೆ ಹಾಯಿ ಕಟ್ಟಿ ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದರು. ಓಬನ್ ಎಂಬ ಬಂದರಿನಿಂದ ಹೊರಟು ಮಲ್, ಅಯೋನಾ, ಸ್ಟಾಫಾ, ಸಾಧ್ಯವಾದರೆ ಸ್ಕೈ ದ್ವೀಪದವರೆಗೂ. ದೋಣಿಯ ಒಡತಿ ಮೋರಾಗ್ ಎಂಬ ಹೆಂಗಸು. ಒಳ್ಳೆಯವಳೇ. ಆದರೆ ಸಮುದ್ರದ ಮೇಲಿದ್ದಾಗ ಸಿಗ್ನಲ್ ಸಿಗದು, ಉತ್ತರ ಬರದು.

ಅಲ್ಲಿಂದ ಶುರುವಾಯಿತು ಸುಮಲತಾಳ ಗೋಳು.

ವೀಸಾಕ್ಕೆ ಯಾವ ದಿನ ಎಲ್ಲಿ ತಂಗುತ್ತಾರೆಂದು ಬರೆದು ಕೊಡಬೇಕು. ಮೋರಾಗ್‌ಗೆ ಕೇಳಿದರೆ, 'ಅದು ಗಾಳಿಯ ಮೇಲೆ' ಅಂತ ಉತ್ತರ. ಮತ್ತೆ ಕೇಳಿದಳು. 'ಬೆಳಿಗ್ಗೆ ಎದ್ದು ಗಾಳಿ ನೋಡಿ ಹೊರಡ್ತೀವಿ, ಮೊದಲೇ ಹೇಗೆ ಹೇಳಲಿ?'

"ಗಾಳಿ ಕೇಳಿ ಹೊಂಡೋ ಟೂರು ನಮ್ಮ ಆಫೀಸಿಗೆ ಬ್ಯಾಡವ್ವಾ," ಅಂದ ಜಡೆಪ್ಪ. "ಹಂಪಿ ಆದ್ರ ಎಲ್ಲೂ ಹೋಗಂಗಿಲ್ಲ. ಕಲ್ಲು ಇದ್ದಲ್ಲೇ ಇರ್ತಾವು."

ಟೀಚರ ಜೊತೆ ಬರುತ್ತೇನೆಂದಿದ್ದ ಇಬ್ಬರು ಗೆಳತಿಯರಲ್ಲಿ ಒಬ್ಬರು, ದೋಣಿಯ ಪಾಯಿಖಾನೆಗೆ ಕೈಪಂಪು ಹೊಡೆಯಬೇಕು ಎಂದು ಕೇಳಿದ್ದೇ ಹಿಂದೆ ಸರಿದರು. ಇನ್ನೊಬ್ಬರನ್ನು ಮಗ ಬಿಡಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಮೀನು ಯಾವುದೂ ನಡೆಯದು ಎಂದು ಬರೆದದ್ದಕ್ಕೆ ದೋಣಿಯ ಅಡುಗೆಯವನು, 'ಹಾಗಾದರೆ ತಿನ್ನುವುದೇನು?' ಎಂದು ಕೇಳಿದ. ಅವಲಕ್ಕಿ ಎಂದರೇನೆಂದು ಅವನಿಗೆ ವಿವರಿಸುವುದರಲ್ಲಿ ಸುಮಲತಾಳ ಒಂದು ಸಂಜೆ ಹೋಯಿತು.

ಸಮುದ್ರ ದಾಟಬಾರದು ಅಂದ ನೆಂಟರಿಗೆ ಟೀಚರೇ ಉತ್ತರ ಕೊಟ್ಟಿದ್ದರು. "ಪ್ರಾಯಶ್ಚಿತ್ತ ಅಂತ ಅದ ಅಲ್ಲ, ಬಂದು ಮಾಡ್ಕೋತೀನಿ."

ಕೊನೆಗೆ ಮೋರಾಗ್ ಇನ್ನೊಂದು ಷರತ್ತು ಹಾಕಿದಳು. ಈ ವಯಸ್ಸಿನವರ ಜೊತೆ ಗಟ್ಟಿಮುಟ್ಟಾದವರು ಒಬ್ಬರು ಇರಲೇಬೇಕು.

ಅದು ಅಭಯನ ಕಿವಿಗೆ ಬಿದ್ದದ್ದೇ ಅವನು ಆಫೀಸಿಗೆ ಬಂದು ಹಾಗೆ ಕೂಗಾಡಿದ್ದ.

* * *

ಮರುವಾರ ಅವನು ಮತ್ತೆ ಬಂದ. ಈ ಸಲ ಕೂತ.

"ನಾ ಹೋಗ್ತೀನಿ ಅತ್ತಿ ಜೋಡಿ," ಅಂದ, ಯಾರೋ ಕುತ್ತಿಗೆ ಹಿಡಿದು ಹೇಳಿಸಿದಂತೆ. "ಇಲ್ಲಂದ್ರ ಒಬ್ಬರೇ ಹೋಗ್ತಾರಂತ. ಆದ್ರ ನಂಗ ಎಲ್ಲಾ ವಿವರ ಬೇಕು."

ಎಲ್ಲಾ ಅಂದರೆ ಎಲ್ಲಾ. ಲೈಫ್ ಜಾಕೆಟ್ ಯಾವ ಥರದ್ದು? ನೀರು ಎಷ್ಟು ತಣ್ಣಗಿರುತ್ತದೆ? ಹತ್ತಿರದ ಆಸ್ಪತ್ರೆ ಯಾವ ದ್ವೀಪದಲ್ಲಿ? ಒಂದಕ್ಕೆ ಉತ್ತರ ತರಿಸಿದರೆ ಅವನ ಹತ್ತಿರ ಇನ್ನೆರಡು ಪ್ರಶ್ನೆ ತಯಾರಿರುತ್ತಿದ್ದವು.

"ನೀವೇ ಹೋಗಿ ಆ ಸಮುದ್ರ ಕೇಳಿ ಬರ್ರಿ," ಅಂದುಬಿಟ್ಟಳು ಒಮ್ಮೆ ಸುಮಲತಾ. "ನಂಗ ಸಾಕಾಗೇತಿ."

ಅವನು ಎದ್ದು ಹೋದ. 'ಹೋಗ್ಲಿ, ಪೀಡೆ ತೊಲಗಿತು' ಎಂದುಕೊಂಡಳು. ಆದರೆ ಸ್ವಲ್ಪ ಹೊತ್ತಿಗೆ ಕಾಗದದ ಪೊಟ್ಟಣ ಹಿಡಿದು ವಾಪಸು ಬಂದ. ಬಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ.

"ಮಧ್ಯಾಹ್ನದಿಂದ ನೀವು ಏನೂ ತಿಂದಿಲ್ಲ," ಅಂದ. "ನಾ ನೋಡ್ಲಿಕ್ಕತ್ತೀನಿ."

ಸುಮಲತಾ ಪೊಟ್ಟಣ ಬಿಚ್ಚಿದಳು. ಇಷ್ಟು ದಿನ ಪ್ರಶ್ನೆ ಕೇಳುತ್ತಲೇ ಇದ್ದವನು ತನ್ನನ್ನೂ ನೋಡುತ್ತಿದ್ದನೇ...

ಅಂದಿನಿಂದ ಸಂಜೆ ಹೊತ್ತು ಅವನು ಬರುವುದು ರೂಢಿಯಾಯಿತು. ಭೂಪಟ ತೆರೆದಿಟ್ಟು ಇಬ್ಬರೂ ದ್ವೀಪದಿಂದ ದ್ವೀಪಕ್ಕೆ ಬೆರಳು ಸರಿಸುತ್ತಿದ್ದರು. ಅವನು ಅಪರೂಪಕ್ಕೆ ನಗುತ್ತಿದ್ದ. ನಕ್ಕಾಗ ಸುಮಲತಾ ಕಣ್ಣು ಬೇರೆಡೆಗೆ ತಿರುಗಿಸುತ್ತಿದ್ದಳು.

"ಅಲ್ಲಿ ಎಷ್ಟೊತ್ತಿಗೆ ಕತ್ತಲಾಗ್ತದ?"

"ಜೂನ್‌ನಾಗ ಸರಿಯಾಗಿ ಕತ್ತಲೇ ಆಗಂಗಿಲ್ಲಂತ್ರಿ. ಬೆಳಕು ಹಂಗಾ ಇರತೈತಂತ."

"ನೀವೂ ಬರಬೇಕಿತ್ತು. ನೋಡ್ಲಿಕ್ಕೆ," ಅಂದ ಅವನು. ಅಂದವನೇ ಭೂಪಟದ ಮೇಲೆ ಬಗ್ಗಿದ.

ಆ ಮಾತು ಹಿಡಿದುಕೊಂಡೇ ಸುಮಲತಾ ಅಂದು ಚಿತ್ತವಾಡ್ಗಿಯ ಆಟೋ ಹತ್ತಿದಳು. 'ಸುಮ್ನೆ ಅಂದಿರ್ತಾರ' ಎಂದು ತನಗೆ ತಾನೇ ಹೇಳಿಕೊಂಡಳು. ಅವರ ಮನೆತನ ಯಾವುದು, ತನ್ನದು ಯಾವುದು... ಬಂಡ್ರಿಯ ಲಾರಿ ಡ್ರೈವರನ ಮಗಳು ಇಂಥದ್ದನ್ನೆಲ್ಲ ಯೋಚಿಸುವುದೂ ತಪ್ಪು ಅನ್ನಿಸಿತು. ಆದರೂ ಯೋಚನೆ ನಿಲ್ಲಲಿಲ್ಲ.

* * *

ಏಪ್ರಿಲ್ ಬಿಸಿಲು ಏರುತ್ತಿದ್ದಾಗ ಟೀಚರು ಹೊಸ ಹಠ ಹಿಡಿದರು. ದೊಡ್ಡ ದೋಣಿಯಿಂದ ದ್ವೀಪಕ್ಕೆ ಇಳಿಯಲು ಸಣ್ಣ ದೋಣಿ ಹತ್ತಬೇಕಲ್ಲ, ಅದನ್ನು ಇಲ್ಲೇ ಬುಟ್ಟಿಯಾಕಾರದ ಹರಿಗೋಲಿನಲ್ಲಿ ರೂಢಿ ಮಾಡಿಕೊಳ್ಳಬೇಕು.

ಒಂದು ರವಿವಾರ ಬೆಳಿಗ್ಗೆ ಮೂವರೂ ಹಂಪಿಯ ತಳವಾರಘಟ್ಟಕ್ಕೆ ಹೋದರು. ನದಿ ಇಳಿದಿತ್ತು. ಬಂಡೆಗಳ ನಡುವೆ ನೀರು ಹಸಿರಾಗಿ ನಿಂತಿತ್ತು. ಹರಿಗೋಲಿನವನು ಅಂಚು ಹಿಡಿದುಕೊಂಡ. ಟೀಚರು ಸೆರಗು ಸಿಕ್ಕಿಸಿಕೊಂಡು ಒಂದು ಕಾಲು ಒಳಗಿಟ್ಟರು. ಬುಟ್ಟಿ ಸಹಜವಾಗಿ ಒಂದು ಕಡೆ ವಾಲಿತು.

"ಅತ್ತಿ, ಇಳೀರಿ!"

ಅಭಯನ ಕೂಗಿಗೆ ದಡದ ಮೇಲಿದ್ದ ಪ್ರವಾಸಿಗಳೆಲ್ಲ ತಿರುಗಿದರು. ಅವನು ಓಡಿ ಬಂದು ಅತ್ತಿಯ ತೋಳು ಹಿಡಿದು ಎಳೆದ. ಅವರು ಮುಗ್ಗರಿಸಿ ಸುಮಲತಾಳ ಮೈಮೇಲೆ ಬಿದ್ದರು.

"ಏನ್ರಿ ಮಾಡ್ತೀರಿ? ಬೀಳ್ತಿದ್ರು ಅವರು," ಅಂದಳು ಸುಮಲತಾ.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀವು ಸುಮ್ನಿರ್ರಿ. ಎಲ್ಲಾ ನಿಮ್ಮಿಂದನ. ನಿಮ್ಮ ಧಂದೆ ನಡೀಬೇಕು ಅಂತ ನಮ್ಮ ಅತ್ತಿ ಜೀವ ತಗೀತೀರೇನು?"

ಸುಮಲತಾ ಟೀಚರನ್ನು ಬಂಡೆಯ ಮೇಲೆ ಕೂರಿಸಿದಳು.

ಇಷ್ಟು ತಿಂಗಳು ತಾನು ಪಟ್ಟ ಪಾಡು... ಆ ಕರೆಗಳು, ಆ ಕಾಯುವಿಕೆ, ಈ ಮನುಷ್ಯನ ಒಂದೊಂದು ಪ್ರಶ್ನೆಗೂ ತರಿಸಿಕೊಟ್ಟ ಉತ್ತರ. ಎಲ್ಲವೂ ಅವನ ಕಣ್ಣಿಗೆ ಧಂದೆ. ತಾನು ಧಂದೆಯವಳು.

"ಹೌದ್ರಿ," ಅಂದಳು, ದನಿ ಒಡೆಯದಂತೆ ಹಿಡಿದು. "ನಾವು ಧಂದೆ ಮಾಡೋ ಮಂದಿ."

ವಾಪಸು ಬರುವಾಗ ಗಾಡಿಯಲ್ಲಿ ಟೀಚರು ಕಿಟಕಿಯಾಚೆ ನೋಡುತ್ತಲೇ ಇದ್ದರು.

* * *

ಆಮೇಲೆ ಕೆಲವೇ ದಿನ ಕಳೆದಿತ್ತು, ಮೋರಾಗ್ ತಾನಾಗಿಯೇ ಫೋನು ಮಾಡಿದಳು.

"ನಿಮ್ಮ ಲಕ್ಷ್ಮೀಬಾಯಿ ಬರೋದಿಲ್ಲ ಅಂತ ಕೇಳಿ ಬೇಜಾರಾಯ್ತು," ಅಂದಳು ಅವಳ ಇಂಗ್ಲಿಷಿನಲ್ಲಿ. "ಮನೆಯ ಕಾರಣ ಅಂತ ತಿಳೀತು. ಕಾಯ್ತಿದ್ದವರಿಗೆ ಆ ಜಾಗ ಕೊಟ್ಟೆ."

ಸುಮಲತಾಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ವೀಸಾ ಬಂದಿತ್ತು, ಎಲ್ಲ ಮುಗಿದಿತ್ತು. ಇನ್ನು ಬ್ಯಾಗು ಕಟ್ಟುವುದೊಂದೇ ಬಾಕಿ ಇತ್ತು.

ಮನೆಯ ಕಾರಣ... ಯಾರ ಕಾರಣವೆಂದು ಕೇಳುವುದೇ ಬೇಡ. ಅವನದೇ.

ಕಾರ್ಖಾನೆಯ ಬಸ್ಸು ಬಂದು ನಿಲ್ಲುವ ಜಾಗ ಅವಳಿಗೆ ಗೊತ್ತಿತ್ತು. ಹೋಗಿ ಬಿಸಿಲಲ್ಲೇ ನಿಂತಳು. ಬಸ್ಸಿನಿಂದ ಇಳಿದ ಅಭಯ ಅವಳನ್ನು ನೋಡಿ ಅಲ್ಲೇ ನಿಂತ.

"ನಾ ನಿಮ್ಮನ್ನ ನೋಡ್ಲಿಕ್ಕೆ ಬರೋದಿತ್ತು," ಅಂದ. "ಅವತ್ತಿನ ಮಾತಿಗೆ..."

"ದೋಣಿ ಕ್ಯಾನ್ಸಲ್ ಆಗೇತಿ. ನಿಮ್ಮ ಮನಸ್ಸಿಗೆ ಸಮಾಧಾನ ಆತಾ?"

ಅವನ ಹುಬ್ಬು ಗಂಟಾಯಿತು. ಅವನಿಗೂ ಅದು ಹೊಸ ಸುದ್ದಿ. ಆಮೇಲೆ ನಿಧಾನವಾಗಿ ಏನೋ ಹೊಳೆದಂತೆ ಅವನ ಮುಖ ಇಳಿದುಹೋಯಿತು. ಸಿಟ್ಟಿನಲ್ಲಿದ್ದ ಸುಮಲತಾಗೆ ಅದೊಂದೂ ಕಾಣಲಿಲ್ಲ.

"ನೀವೇ ಮಾಡಿದ್ರಿ ಅಲ್ರಿ ಇದನ್ನ?"

"ಹೌದು," ಅಂದ ಅವನು. "ನನ್ನಿಂದನ ಆಗ್ಯದ."

"ಟೀಚರು ಎಷ್ಟು ಆಸೆ ಇಟ್ಕೊಂಡಿದ್ರು ಅಂತ ಗೊತ್ತಾ ನಿಮಗ? ಅವರ ಆಸೆನ ಮುಗಿಸಿಬಿಟ್ರಿ. ಇನ್ನ ನನ್ನ ಮುಂದ ಬರಬ್ಯಾಡ್ರಿ."

ಅವನು ತಡೆಯಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಒಂದು ಸುಳ್ಳಾದರೂ ಹೇಳಬಾರದಿತ್ತೇ... ಅಲ್ಲ ಅಂತ ಒಂದು ಸಲ ಅಂದಿದ್ದರೂ ನಂಬಿಬಿಡುತ್ತಿದ್ದೆನಲ್ಲ...

* * *

ಮೇ ಕಳೆಯಿತು. ಜೂನ್ ಬಂತು. ಓಬನ್ನಿನಿಂದ ಆ ದೋಣಿ ಬೇರೆ ಯಾರನ್ನೋ ಹತ್ತಿಸಿಕೊಂಡು ಹೊರಟಿತು.

ಸುಮಲತಾ ಹಂಪಿಯ ರೂಮು, ಗಾಡಿ, ಗೈಡುಗಳಿಗೆ ಮರಳಿದಳು. ಯಾರ ಮೇಲೆ ಯಾಕೆ ರೇಗುತ್ತಾಳೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ಸಂಜೆಯಾದರೆ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಹೋದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

"ಯವ್ವಾ, ಆ ಎಂಜಿನಿಯರ್ ಸಾಹೇಬ್ರು ಬರ್ಲಿಲ್ಲಂದ್ರ ನಮ್ಮ ಆಫೀಸಿಗೆ ಗಿರಾಕೀನ ಇಲ್ಲೇನು?" ಅಂದ ಜಡೆಪ್ಪ. "ಕಂಪ್ಯೂಟರ್ ಯಾಕ ಹಂಗ ಕುಟ್ಟತಿ?"

ಒಂದು ಶನಿವಾರ ತಡೆಯಲಾರದೆ ಸಂಡೂರಿನ ಬಸ್ಸು ಹತ್ತಿದಳು. ಮೊದಲ ಮಳೆಗೆ ಗುಡ್ಡಗಳು ಹಸಿರಾಗಿದ್ದವು. ರಸ್ತೆಯ ಕೆಂಪು ಧೂಳು ಕೆಂಪು ಕೆಸರಾಗಿತ್ತು.

ಟೀಚರು ಪಡಸಾಲೆಯಲ್ಲಿ ಕೂತಿದ್ದರು. ಅವಳನ್ನು ನೋಡಿ ಮುಖ ಅರಳಿತು. ಹಿಂದೆಯೇ ಅಪರಾಧಿಯ ಮುಖವಾಯಿತು.

"ಬಾ ಸುಮಾ, ಕೂಡು. ನಿನಗ ಮುಖ ಹ್ಯಾಂಗ ತೋರಸ್ಲಿ ಅಂತ ನಾನ ಫೋನ್ ಮಾಡ್ಲಿಲ್ಲ."

"ನೀವ್ಯಾಕ್ರಿ ಟೀಚರ್? ಮಾಡಿದವರು ಬ್ಯಾರೆ ಅದಾರ."

"ಯಾರು?"

"ಅಭಯ ಅವರು. ದೋಣಿ ಕ್ಯಾನ್ಸಲ್..."

"ಅವನಲ್ಲ. ನಾನು." ಟೀಚರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಅವಗ ಹೇಳದ ನಾನ ಆ ಹೆಣ್ಣುಮಗಳಿಗೆ ಫೋನ್ ಮಾಡಿ ಬರಂಗಿಲ್ಲ ಅಂದೆ. ಅವತ್ತು ಹೊಳಿ ದಂಡ್ಯಾಗ ಅವನ ಮುಖ ನೋಡಿದ ಮ್ಯಾಲ ನನ್ನ ಕೈಲೆ ಆಗ್ಲಿಲ್ಲ."

"ಅವರಿಗೆ ಏನಾಗಿತ್ರಿ ಟೀಚರ್?" ಅಂದಳು ಸುಮಲತಾ.

ಟೀಚರು ನಿಧಾನವಾಗಿ ಹೇಳಿದರು. ಅಭಯ ಸಣ್ಣವನಿದ್ದಾಗ ಅಪ್ಪ ವೆಂಕೋಬನ ಜೊತೆ ಆನೆಗುಂದಿಯ ನವಬೃಂದಾವನಕ್ಕೆ ಹೋಗಿದ್ದ. ನದಿಯ ನಡುವಿನ ನಡುಗಡ್ಡೆ ಅದು. ಬರುವಾಗ ನೀರಿನ ಸೆಳೆತ ಹೆಚ್ಚಿ ಹರಿಗೋಲು ಬಂಡೆಗೆ ಬಡಿದು ಮಗುಚಿತು. ಅಪ್ಪ ಮಗನನ್ನು ಬಂಡೆಯ ಮೇಲೆ ಎತ್ತಿಹಾಕಿದ. ತನಗೆ ಹತ್ತಲಾಗಲಿಲ್ಲ. ಜನ ಬರುವವರೆಗೂ ಹುಡುಗ ಆ ಬಂಡೆಯನ್ನು ತಬ್ಬಿಕೊಂಡೇ ಇದ್ದ.

"ಅವತ್ತಿಂದ ಅವ ಹೊಳಿ ಕಡೆ ಹೋಗಿಲ್ಲ. ನಾನೂ ಹೋಗಿಲ್ಲ. ಊರೆಲ್ಲಾ ನದಿ, ಸಮುದ್ರ ಕಲಿಸಿದೆ, ನಾನ ಹೆದರಿಕೊಂಡು ಕೂತೆ. ಇನ್ನೆಷ್ಟು ದಿನ ಅಂತ... ನನ್ನ ಹೆದರಿಕಿ ನಾ ಬಿಟ್ರ ಅವನೂ ಬಿಡ್ತಾನೇನೋ ಅಂತ ಆ ದೋಣಿ ಆಸೆ ಮಾಡಿದ್ದೆ. ಅವ ಹೂಂ ಅಂದಾಗ ಭಾಳ ಖುಷಿ ಆಗಿತ್ತು. ಆದ್ರ ಆ ಮುಖ ನೋಡಿದ ಮ್ಯಾಲ, ಇವನ್ನ ಯಾಕ ಕೊಲ್ಲಾಕತ್ತೀನಿ ನಾನು ಅನ್ನಿಸ್ತು."

ಸುಮಲತಾಳ ಕಣ್ಣು ತುಂಬಿತು. 'ನನ್ನಿಂದನ ಆಗ್ಯದ' ಅಂದಿದ್ದ ಅವನು. ತಾನೇ ಮಾಡಿದೆ ಅಂದಿರಲಿಲ್ಲ. ಅಷ್ಟೂ ಕೇಳಿಸಿಕೊಳ್ಳಲಿಲ್ಲ ತಾನು.

"ಅವರು ಈಗ ಎಲ್ಲಿ ಅದಾರ್ರಿ ಟೀಚರ್?"

"ಈಗೀಗ ರವಿವಾರ ಇಲ್ಲಿಗೂ ಬರಂಗಿಲ್ಲ. ಕಂಪ್ಲಿಯೊಳಗ ಏನೋ ಕೆಲಸ ಅಂತಾನ. ಕಾರ್ಖಾನಿಯವರಿಗೆ ಕಂಪ್ಲಿಯೊಳಗ ಏನು ಕೆಲಸನೋ ನನಗ ತಿಳೀವಲ್ದು."

* * *

ಮರುದಿನ ಬೆಳಿಗ್ಗೆ ಸುಮಲತಾ ಕಂಪ್ಲಿಯಲ್ಲಿ ಬಸ್ಸಿಳಿದಳು. ಎಲ್ಲಿ ಹುಡುಕುವುದು? ಊರಲ್ಲಿ ಸುತ್ತಿ ಬೇಸತ್ತಳು. ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೂ ಕೊನೆಗೆ ಕೋಟೆ ಕಡೆಯ ನದಿ ದಂಡೆಗೆ ಇಳಿದಳು.

ದಡಕ್ಕೆ ಹತ್ತಿರದಲ್ಲೇ ಒಂದು ಹರಿಗೋಲು ಮೆಲ್ಲಗೆ ಸುತ್ತುತ್ತಿತ್ತು. ಹುಟ್ಟು ಹಿಡಿದಿದ್ದ ಮೀನುಗಾರ ಒಂದು ಕಡೆ. ಇನ್ನೊಂದು ಕಡೆ, ಎರಡೂ ಕೈಯಲ್ಲಿ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತಿದ್ದ ಅಭಯ. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು.

ಅವಳು ಕರೆಯಲಿಲ್ಲ. ನಿಂತು ನೋಡಿದಳು.

ಹೊನ್ನೂರುಸ್ವಾಮಿ ಎಂಬ ಆ ಮೀನುಗಾರ ಅವಳನ್ನು ಕಂಡು ಹರಿಗೋಲನ್ನು ದಡಕ್ಕೆ ತಂದ. "ಸಾರ್, ಯಾರೋ ಬಂದಾರ ನೋಡ್ರಿ."

ಅಭಯ ಕಣ್ಣು ತೆರೆದ. ಕಳ್ಳತನದಲ್ಲಿ ಸಿಕ್ಕವನಂತಾದ.

"ನಿಮ್ಮ ಮುಂದ ಬರಬ್ಯಾಡ ಅಂದಿದ್ರಿ," ಅಂದ.

"ಅದಕ್ಕ ನಾನೇ ಬಂದೀನಿ. ಸರೀರಿ ಸ್ವಲ್ಪ."

ಅವಳು ಒಳಗೆ ಕಾಲಿಟ್ಟಳು. ಬುಟ್ಟಿ ವಾಲಿತು. ಅವನ ಉಸಿರು ನಿಂತಿತು. ಆದರೆ ಅವನು ಕೂಗಲಿಲ್ಲ. ಕೈ ಚಾಚಿ ಅವಳ ಮಣಿಕಟ್ಟು ಹಿಡಿದು ಕೂರಿಸಿದ. ಕೂತ ಮೇಲೂ ಬಿಡಲಿಲ್ಲ.

"ಟೀಚರು ಎಲ್ಲಾ ಹೇಳಿದ್ರು," ಅಂದಳು ಸುಮಲತಾ. "ಅವತ್ತ ಯಾಕ ಹೇಳ್ಲಿಲ್ಲ ನನಗ? ಅಷ್ಟು ಬೈದೆ, ಸುಮ್ನೆ ನಿಂತಿದ್ರಿ."

"ಬೈದಿದ್ದು ಸರಿನ ಇತ್ತು. ಅತ್ತಿ ನನ್ನ ಸಲುವಾಗಿ ಬಿಟ್ಟಿದ್ರು. ನಾನು ಮೊದಲ ಇಲ್ಲಿ ಬಂದು ಕೂತಿದ್ರ ಅವರು ಬಿಡ್ತಿರಲಿಲ್ಲ." ಅವಳ ಕಡೆ ತಿರುಗಿದ. "ನಿಮಗ ಅಂದ ಮಾತು... ಅದು ನನ್ನ ಬಾಯಿಂದ ಬರಬಾರದಿತ್ತು. ಧಂದೆ ಅಂದೆ. ನಿಮ್ಮಷ್ಟು ಕಾಳಜಿಲೆ ಆ ಪ್ರವಾಸ ಯಾರೂ ಮಾಡ್ತಿರಲಿಲ್ಲ."

"ನೋವಾತು ನಂಗ," ಅಂದಳು ನೇರವಾಗಿ.

"ಗೊತ್ತದ."

ಹೊನ್ನೂರುಸ್ವಾಮಿ ಏನೂ ಕೇಳಿಸದವನಂತೆ ಹುಟ್ಟು ಹಾಕುತ್ತಿದ್ದ. ನದಿಯ ಮೇಲೆ ಮೋಡದ ನೆರಳು ಸರಿಯುತ್ತಿತ್ತು.

"ಮೋರಾಗ್‌ಗೆ ನಿನ್ನೆ ಸಂಜೀನೇ ಫೋನ್ ಹಚ್ಚಿದ್ದೆ," ಅಂದಳು ಸುಮಲತಾ. "ಅಲ್ಲಿ ಬ್ಯಾಸಿಗಿ ಇನ್ನ ಮುಗಿದಿಲ್ಲ. ಆಗಸ್ಟ್‌ನಾಗ ಎರಡು ಜಾಗ ಅದಾವಂತ. ಹಿಡಕೊಂಡು ಇಡು ಅಂದೀನಿ. ಹೋಗ್ತೀರಾ?"

ಅವನು ನೀರನ್ನು ನೋಡಿದ. ಮೊದಲ ಸಲ ಕಣ್ಣು ಮುಚ್ಚದೆ ನೋಡಿದ.

"ಹೋಗ್ತೀನಿ. ಆದ್ರ ಎರಡ ಜಾಗ ಏನು?"

"ಎರಡೇ. ನಾ ಮಂದೀನ ಕಳ್ಸೋಕಿ ರೀ. ಹೋಗೋಕಿ ಅಲ್ಲ."

ಅವನಿಗೆ ಏನೋ ಹೇಳುವುದಿತ್ತು. ಅವಳಿಗೂ ಗೊತ್ತಾಯಿತು. ಆದರೆ ಹೊನ್ನೂರುಸ್ವಾಮಿ ಇದ್ದ, ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರಿದ್ದರು. ಅವನು ಅವಳ ಮಣಿಕಟ್ಟು ಬಿಟ್ಟ, ಅಷ್ಟೇ.

* * *

ಅಭಯ ತಾನೇ ಬರುತ್ತೇನೆಂದದ್ದಕ್ಕೆ ಟೀಚರು ಮತ್ತೆ ಹೂಂ ಅಂದಿದ್ದರು. ಆಗಸ್ಟಿನಲ್ಲಿ ಹೋಗುವ ದಿನ ಗಡಿಬಿಡಿಯಲ್ಲಿ ಮಾತೇ ಆಗಲಿಲ್ಲ. ಟೀಚರ ಚಟ್ನಿಪುಡಿಯ ಡಬ್ಬಿ, ಸ್ವೆಟರು, ಮಾತ್ರೆ. ರೈಲು ಹೊರಟಿತು. ಅವನ ಮುಖ ಕಿಟಕಿಯಲ್ಲಿ ಕಂಡಿತು, ಹೋಯಿತು.

ಆಮೇಲೆ ಸುಮಲತಾಗೆ ಶುರುವಾದದ್ದು ಬೇರೆ ಥರದ ಹಿಂಸೆ. ಫೋನು ಮಾಡಿದರೆ 'ಸಂಪರ್ಕಕ್ಕೆ ಸಿಗುತ್ತಿಲ್ಲ'. ಅಲ್ಲಿಯ ಹವಾಮಾನ ನೋಡಿದರೆ ಜೋರು ಗಾಳಿ. ದೋಣಿ ಎಲ್ಲಿದೆ? ಗಾಳಿಗೇ ಗೊತ್ತು. ಈಗ ಅವಳಿಗೆ ಅಭಯನ ಒಂದೊಂದು ಪ್ರಶ್ನೆಯೂ ಅರ್ಥವಾಯಿತು. ಲೈಫ್ ಜಾಕೆಟ್ ಯಾವ ಥರದ್ದು... ನೀರು ಎಷ್ಟು ತಣ್ಣಗೆ...

ಒಂದು ಮಧ್ಯಾಹ್ನ, ಆಫೀಸಿನಲ್ಲಿ ಗಿರಾಕಿಗಳು ತುಂಬಿದ್ದಾಗ, ಫೋನು ಬಂತು. ಅವಳು ಎದ್ದು ರಸ್ತೆಗೆ ಓಡಿದಳು.

"ಹಲೋ? ಅಭಯ ಅವರಾ? ಎಲ್ಲಿ ಅದೀರಿ?"

"...ಸ್ಟಾಫಾ ನೋಡಿದ್ವಿ. ಅತ್ತಿ ಆ ಕಂಬ ಮುಟ್ಟಿ ಅತ್ತುಬಿಟ್ರು. ನಾನೂ ಇಳಿದೆ, ಸಣ್ಣ ದೋಣಿಯೊಳಗ..." ಗಾಳಿಯ ಭೋರ್ಗರೆತ. "ಸುಮಾ, ನಾ ನಿಮಗೊಂದು..."

"ಏನಂದ್ರಿ? ಕೇಳಸವಲ್ದು."

"...ಅಂತ ಕೇಳ್ಲಿಕ್ಕೆ... ಮೊದಲ ಹೇಳಬೇಕಿತ್ತು... ನೀವು..."

ಪಕ್ಕದಲ್ಲೇ ಬಸ್ಸೊಂದು ಹಾರ್ನ್ ಹೊಡೆಯಿತು. ಆ ಕಡೆ ಗಾಳಿ, ಈ ಕಡೆ ಬಸ್ಸು. ಲೈನು ಕಟ್ಟಾಯಿತು.

ಸುಮಲತಾಗೆ ಆ ಫೋನನ್ನು ರಸ್ತೆಗೆ ಎಸೆದುಬಿಡುವಷ್ಟು ಸಿಟ್ಟು ಬಂತು. ನಡುರಸ್ತೆಯಲ್ಲಿ ನಿಂತು ಅಳುವುದೋ ನಗುವುದೋ ತಿಳಿಯಲಿಲ್ಲ. ಸುಮಾ ಅಂದಿದ್ದ ಅವನು. ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು.

* * *

ಅವರು ಬರುವ ದಿನ ಹಂಪಿ ಎಕ್ಸ್‌ಪ್ರೆಸ್ ತಡವಾಗಿತ್ತು. ಸುಮಲತಾ ಪ್ಲಾಟ್‌ಫಾರ್ಮಿನಲ್ಲಿ ಅತ್ತಿಂದಿತ್ತ ನಡೆದು ನಡೆದು ಬೇಸತ್ತಾಗ ರೈಲು ಬಂತು.

ಮೊದಲು ಟೀಚರು ಇಳಿದರು. ಗಾಳಿಗೆ ಮುಖ ಒಡೆದು ಕೆಂಪಾಗಿತ್ತು. ಅವಳ ಕೆನ್ನೆ ಹಿಡಿದು, "ನೋಡಿ ಬಂದೆ ಸುಮಾ," ಅಂದರು. ಆಮೇಲೆ ಸುಧಾರಿಸಿಕೊಂಡು, "ನಾ ಆಟೋ ನೋಡ್ತೀನಿ. ನೀವು ನಿಧಾನಕ್ಕ ಬರ್ರಿ," ಎಂದು ತಮ್ಮ ಚೀಲ ತಾವೇ ಹೊತ್ತು ಹೊರಟುಬಿಟ್ಟರು.

ಅಭಯ ಎದುರಿಗೆ ನಿಂತ. ಮೂಗಿನ ತುದಿ ಸುಲಿದಿತ್ತು. ಹೋಗುವಾಗ ಇದ್ದ ಬಿಗಿ ಮುಖದಲ್ಲೂ, ಹೆಗಲಲ್ಲೂ ಇರಲಿಲ್ಲ.

"ಅವತ್ತು ಫೋನ್‌ನಾಗ ಹೇಳಿದ್ದು..."

"ಏನೂ ಕೇಳ್ಲಿಲ್ಲ ನಂಗ," ಅಂದಳು ಸುಮಲತಾ. "ನಿಮ್ಮ ಗಾಳಿ, ನಮ್ಮ ಬಸ್ಸು. ಅವತ್ತಿಂದ ನಿದ್ದಿ ಇಲ್ಲ."

"ಹಂಗಾರ ಇಲ್ಲೇ ಹೇಳ್ತೀನಿ." ಅವನು ಉಸಿರೆಳೆದುಕೊಂಡ. "ನಾ ನಿಮ್ಮನ್ನ ಮದುವಿ ಆಗಬೇಕು ಅಂತೀನಿ. ಆ ಭೂಪಟ ಮುಂದಿಟ್ಕೊಂಡು ಕೂತಿದ್ವಲ್ಲ, ಆವಾಗಿಂದ ಇದು ನನ್ನ ಮನಸಿನ್ಯಾಗ ಅದ. ಹೇಳ್ಲಿಕ್ಕೆ ಬರಲಿಲ್ಲ."

ಅವಳ ಕಣ್ಣು ತುಂಬಿತು. ಆದರೂ ಹೇಳಬೇಕಾದದ್ದನ್ನು ಹೇಳಿದಳು.

"ನಮ್ಮಪ್ಪ ಅದಿರಿನ ಲಾರಿ ಓಡಸ್ತಾನ. ನಮ್ಮ ಮನಿ, ಊಟ, ಎಲ್ಲಾ ಬ್ಯಾರೆ. ನಿಮ್ಮ ಮಂದಿ ಒಪ್ಪತಾರಾ?"

"ನನ್ನ ಮಂದಿ ಅಂದ್ರ ಅತ್ತಿ ಒಬ್ರ. ಅವರು ದೋಣಿಯೊಳಗ ದಿನಾ ಬೈದ್ರು ನನಗ, ಹೇಳದ ಬಂದಿಯಲ್ಲೋ ಅಂತ. ಉಳಿದವರು ನಾಲ್ಕು ದಿನ ಮಾತಾಡ್ತಾರ. ನಿಮ್ಮ ಅಪ್ಪಾರ ಹತ್ರ ನಾನ ಬರ್ತೀನಿ, ಬಂಡ್ರಿಗೆ."

"ಸೀದಾ ಹೂಂ ಅನ್ನಂಗಿಲ್ಲ ಅವನು. ಬೈತಾನ."

"ಬೈಸ್ಕೊಂಡು ಕೂಡ್ತೀನಿ. ನಿಮ್ಮ ಹತ್ರ ಬೈಸ್ಕೊಂಡು ರೂಢಿ ಆಗ್ಯದ."

ಸುಮಲತಾ ನಕ್ಕಳು. ನಗುತ್ತಲೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ನನಗ ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತು," ಅಂದಳು. "ನೀವು ಬರ್ಲಿಲ್ಲಂದ್ರ ಅದು ಇನ್ನೂ ಹೆಚ್ಚಾಗ್ತಿತ್ತು. ಆಮ್ಯಾಲ ಗೊತ್ತಾತು, ಅದು ಸಿಟ್ಟಲ್ಲ ಅಂತ."

"ಮತ್ತೇನು?"

"ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ?"

"ಹೇಳ್ರಿ. ಇಲ್ಲಿ ಗಾಳಿ ಇಲ್ಲ, ಕೇಳಸ್ತದ."

ಅವಳು ಸುತ್ತ ನೋಡಿದಳು. ಪ್ಲಾಟ್‌ಫಾರ್ಮ್ ಖಾಲಿಯಾಗುತ್ತಿತ್ತು. ಕೂಲಿಯವನೊಬ್ಬ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ.

"ನಂಗೂ ನೀವು ಬೇಕು ರೀ," ಅಂದಳು ಮೆಲ್ಲಗೆ.

"ರೀ ಬಿಡು ಇನ್ನ."

"ಅಷ್ಟು ಜಲ್ದಿ ಬಿಡಾಕ ಬರಂಗಿಲ್ಲ."

"ಆಯ್ತು. ನಿಧಾನಕ್ಕ ಬಿಡು," ಅಂದ ಅಭಯ, ಅವಳ ಕೈ ಹಿಡಿದುಕೊಂಡ.